ಎಲ್ಲರಿಗೂ ‘ಹೋಗಿ ಬನ್ನಿ’

ಬಾಲ್ಕನಿಯ ಸ್ಟ್ಯಾಂಡಿನ ಮೇಲೆ ಮಹಾಶ್ವೇತಾ ಒದ್ದೆ ಬಟ್ಟೆ ಹರವುತ್ತಿದ್ದಳು. ಮಗಳ ಯೂನಿಫಾರ್ಮನ್ನು ಕೊಡವಿ, ಕಾಲರ್ ನೆಟ್ಟಗೆ ಮಾಡಿ ಕ್ಲಿಪ್ ಹಾಕಬೇಕು ಅನ್ನುವಷ್ಟರಲ್ಲಿ ಒಳಗೆ ಫೋನ್ ಬಡಿದುಕೊಂಡಿತು. ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡೇ ಓಡಿದಳು. ಪರದೆಯ ಮೇಲೆ ಗಂಡನ ಗೆಳೆಯ ವಿಲ್ಫಿಯ ಹೆಸರು ಕಂಡ ಕೂಡಲೇ ಯಾತಕ್ಕೆಂದು ಗೊತ್ತಾಯಿತು. ಎತ್ತಲೋ ಬೇಡವೋ ಎಂದು ಅವಳು ನಿಂತಿರುವಾಗ, ಬಾಲ್ಕನಿಯ ಕಂಬಿಗಳ ಸಂದಿಯಿಂದ ಮಗಳು ಇಳಾ ಕೆಳಗೆ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು.

“ಹೋಗಿ ಬನ್ನಿ.”

ಕೆಳಗಿದ್ದವನು ಪಾರ್ಸೆಲ್ ಕೊಡಲು ಬಂದಿದ್ದ ಹುಡುಗ. ಕನ್ನಡದ ಗಂಧಗಾಳಿ ಇಲ್ಲದವನು. ಆದರೂ ಕತ್ತೆತ್ತಿ ನಕ್ಕು, ಕೈಬೀಸಿ ವ್ಯಾನ್ ಹತ್ತಿದ.

ಆರು ವರ್ಷದ ಇಳಾಗೆ ಇದೊಂದು ಹೊಸ ಅಭ್ಯಾಸ. ಸಿಡ್ನಿಯ ಪೆಂಡಲ್ ಹಿಲ್‌ನ ಆ ಬಾಡಿಗೆ ಫ್ಲ್ಯಾಟಿಗೆ ಬಂದುಹೋಗುವ ಎಲ್ಲರಿಗೂ ಈಗ ‘ಹೋಗಿ ಬನ್ನಿ’. ನಲ್ಲಿ ರಿಪೇರಿಗೆ ಬಂದವನಿಗೆ, ಪಕ್ಕದ ಮನೆಯ ಲೆಬನಾನಿನ ಅಜ್ಜಿಗೆ, ದಿನಸಿ ಅಂಗಡಿಯ ತಮಿಳು ಅಂಕಲ್‌ಗೆ. ಒಮ್ಮೆ ಕಂಬಿಯ ಮೇಲೆ ಕೂತಿದ್ದ ಕಪ್ಪುಬಿಳಿ ಹಕ್ಕಿ ಹಾರಿದಾಗಲೂ ಹಾಗೇ ಅಂದಿದ್ದಳು. ಹಕ್ಕಿಗೆ ‘ಹೋಗಿ ಬಾ’ ಅಂದರೆ ಸಾಕು ಪುಟ್ಟಿ, ಬಹುವಚನ ಯಾಕೆ ಎಂದು ಮಹಾಶ್ವೇತಾ ನಕ್ಕಿದ್ದಳು. ಇಳಾ ನಗಲಿಲ್ಲ. ಹುಟ್ಟಿದಾಗಿನಿಂದ ಕನ್ನಡ ಕೇಳುತ್ತಲೇ ಬೆಳೆದರೂ ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲೇ ಕೊಡುತ್ತಿದ್ದ ಹುಡುಗಿ. ಮೈಸೂರಿನಲ್ಲಿ ಅತ್ತೆಗಂತೂ ಹಿಗ್ಗೋ ಹಿಗ್ಗು. ಕೊನೆಗೂ ಮೊಮ್ಮಗಳ ನಾಲಿಗೆ ನಮ್ಮ ಕಡೆ ತಿರುಗಿತು ಎಂದು ಫೋನಿನಲ್ಲಿ ಅತ್ತರು. ಗಂಡ ಸುದರ್ಶನ್ ಹೋದ ಮೇಲೆ ಆ ಮನೆಯಲ್ಲಿ ಹಿಗ್ಗಲು ಇದ್ದದ್ದು ಅದೊಂದೇ.

ಫೋನ್ ನಿಂತು ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದಳು.

“ಅಕ್ಕ, ನಾಳೆ ಕಾಲೇಜಿನಲ್ಲಿ ನಮ್ಮ ಹಳಬರ ಊಟ,” ಎಂದ ವಿಲ್ಫಿ. “ಅವನ ಗೂಟ ಖಾಲಿ ಉಂಟು. ನೋಡ್ಲಿಕ್ಕೆ ಆಗೂದಿಲ್ಲ ಮಾರಾಯ್ರೆ. ಆ ಏಪ್ರನ್ ನಿಮ್ಮ ಹತ್ರ ಇದ್ರೆ ಒಗ್ದು ತನ್ನಿ. ಮಗುವನ್ನೂ ಕರ್ಕೊಂಡು ಬನ್ನಿ.”

ಪ್ಯಾರಮಟ್ಟಾದ ಆ ಕಮ್ಯೂನಿಟಿ ಕಾಲೇಜಿಗೂ ಈ ಮನೆಗೂ ನಂಟು ಬೆಳೆದದ್ದು ವಿಚಿತ್ರವಾಗಿ. ಸುದರ್ಶನ್ ಮೈಸೂರಿನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆಯುತ್ತಿದ್ದವನು. ಸಿಡ್ನಿಗೆ ಬಂದು, ಅರ್ಜಿ ಹಾಕಿ ಹಾಕಿ ಸೋತು, ಒಂದು ದಿನ ತಮಾಷೆಗೆಂಬಂತೆ ಅಡುಗೆಯ ಕೋರ್ಸಿಗೆ ಸೇರಿಕೊಂಡ. ಇಂಜಿನಿಯರ್ ಮಗ ಸೌಟು ಹಿಡಿದ ಎಂದು ಅತ್ತೆ ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಮೊದಲ ದಿನವೇ ಅವನ ಪಕ್ಕದ ಹಲಗೆಯ ಮೇಲೆ ಈರುಳ್ಳಿ ಹೆಚ್ಚುತ್ತಿದ್ದವನು ಮೂಡಬಿದಿರೆಯ ವಿಲ್ಫಿ. ಇವನು ಹೆಚ್ಚಿದ ಬೀನ್ಸ್ ಎಲ್ಲ ಒಂದೇ ಅಳತೆಯಲ್ಲಿ ಇರುವುದನ್ನು ನೋಡಿ, ಸ್ಕೇಲ್ ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಕೇಳಿದ್ದನಂತೆ. ಅಲ್ಲಿಂದ ಶುರುವಾದ ಸ್ನೇಹ.

ಆ ಕಾಲೇಜಿನಲ್ಲಿ ಒಂದು ಪದ್ಧತಿ. ಕೋರ್ಸ್ ಮುಗಿಸಿದವರು ತಮ್ಮ ಮೊದಲ ಏಪ್ರನ್ನಿನ ಮೇಲೆ ಹೆಸರು ಬರೆದು, ಅಡುಗೆಮನೆಯ ಹೊರಗಿನ ಕಾರಿಡಾರಿನ ಗೂಟಕ್ಕೆ ನೇತುಹಾಕಿ ಹೋಗುತ್ತಾರೆ. ವರ್ಷಕ್ಕೊಮ್ಮೆ ಹಳಬರೆಲ್ಲ ಬಂದು, ತಮ್ಮ ತಮ್ಮ ಏಪ್ರನ್ ಇಳಿಸಿ ಕಟ್ಟಿಕೊಂಡು, ಹೊಸ ವಿದ್ಯಾರ್ಥಿಗಳ ಜೊತೆ ನಿಂತು ಅಡುಗೆ ಮಾಡಿ ಊರಿಗೆ ಬಡಿಸುತ್ತಾರೆ. ಸಂಜೆ ಒಗೆಯಲು ಮನೆಗೆ ಒಯ್ದು, ತಂದು ಮತ್ತೆ ಗೂಟಕ್ಕೆ ಹಾಕಬೇಕು. ಬೇರೆಲ್ಲೋ ಕೆಲಸ ಸಿಕ್ಕ ಮೇಲೂ ಸುದರ್ಶನ್ ಆ ಊಟ ತಪ್ಪಿಸಿದವನಲ್ಲ. ಅವನ ಬಿಸಿಬೇಳೆಬಾತಿಗೆ ಮಕ್ಕಳು ‘ಸುದೀಸ್ ರೈಸ್’ ಎಂದು ಹೆಸರಿಟ್ಟಿದ್ದರು. ರಜೆ ಇದ್ದ ದಿನ ಹೋಗಿ, ಮನೆ ಬಿಟ್ಟು ಬಂದ ಹುಡುಗರಿಗೆ ಚಾಕು ಹಿಡಿಯಲು ಕಲಿಸುತ್ತಿದ್ದ.

ಕಳೆದ ಚಳಿಗಾಲ ಕಾಲೇಜಿನ ಮಕ್ಕಳು ಅಡುಗೆ ಸ್ಪರ್ಧೆಗೆಂದು ಮೆಲ್ಬರ್ನ್‌ಗೆ ಹೊರಟಾಗ, ಜೊತೆಗೆ ಹಳಬರು ಇಬ್ಬರು ಬೇಕಾಯಿತು. ವಿಲ್ಫಿ ಒಪ್ಪಿದ, ಸುದರ್ಶನ್ ಒಪ್ಪಿ ಗೂಟದಿಂದ ತನ್ನ ಏಪ್ರನ್ನನ್ನೂ ಇಳಿಸಿಕೊಂಡ. ಎರಡೇ ದಿನದ ಮಾತು. ಅಲ್ಲಿಯ ಅಡುಗೆಮನೆಯಲ್ಲಿ, ಒಲೆಯ ಮೇಲೆ ಬೇಳೆ ಕುದಿಯುತ್ತಿರುವಾಗಲೇ ಅವನು ಎದೆ ಹಿಡಿದುಕೊಂಡು ಕುಸಿದ. ಇಳಾಳನ್ನು ಲೆಬನಾನಿನ ಅಜ್ಜಿಯ ಬಳಿ ಬಿಟ್ಟು ಮಹಾಶ್ವೇತಾ ವಿಮಾನ ಹತ್ತಿದಳು. ಮೆಲ್ಬರ್ನ್ ಎಂದರೆ ಇವತ್ತಿಗೂ ಅವಳಿಗೆ ಒಂದು ಆಸ್ಪತ್ರೆಯ ಕಿಟಕಿ, ಅದರಾಚೆ ಗಂಟೆ ಬಾರಿಸುತ್ತ ಸಾಗಿದ ಒಂದು ಟ್ರಾಮ್, ಅಷ್ಟೇ. ಊರು ನೋಡಲು ಇನ್ನೊಮ್ಮೆ ನೀವಿಬ್ಬರೂ ಬನ್ನಿ ಎಂದು ಹಿಂದಿನ ರಾತ್ರಿಯಷ್ಟೇ ಅವನು ಫೋನಿನಲ್ಲಿ ಹೇಳಿದ್ದ.

ಇಳಾಗೆ ಎಲ್ಲ ಗೊತ್ತು. ಮಹಾಶ್ವೇತಾ ಮುಚ್ಚಿಡಲಿಲ್ಲ. ಅಪ್ಪ ತೀರಿಹೋದರು, ಇನ್ನು ಬರುವುದಿಲ್ಲ ಎಂದು ತೊಡೆಯ ಮೇಲೆ ಕೂರಿಸಿಕೊಂಡೇ ಹೇಳಿದ್ದಳು. ಮಗು ಸುಮ್ಮನೆ ಕೇಳಿಸಿಕೊಂಡಿತು. ಅಳಲಿಲ್ಲ. ಯಾಕೆ, ಏನು, ಎಲ್ಲಿ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವತ್ತಿನಿಂದ ಅಪ್ಪ ಎಂಬ ಪದವೇ ಅವಳ ಬಾಯಿಂದ ಹೊರಬಿದ್ದಿಲ್ಲ. ಸ್ಕೂಲಿನ ಕೌನ್ಸೆಲರ್ ಹೇಳಿದ್ದು ಇಷ್ಟೇ: ಒಳಗೆ ಏನೋ ಒಂದು ಪ್ರಶ್ನೆ ಇದೆ, ಒತ್ತಾಯ ಮಾಡಬೇಡಿ, ತಾನಾಗಿ ಕೇಳುತ್ತಾಳೆ. ಮಹಾಶ್ವೇತಾ ಕಾಯುತ್ತಿದ್ದಳು. ಜಡೆ ಹಾಕುವಾಗ, ಅನ್ನ ಕಲಸುವಾಗ, ದೀಪ ಆರಿಸಿ ಪಕ್ಕದಲ್ಲಿ ಮಲಗುವಾಗ ಕಾಯುತ್ತಿದ್ದಳು. ಕೇಳಿಬಿಡು ಕಂದ, ಏನಾದರೂ ಕೇಳು, ನನ್ನ ಹತ್ತಿರ ಉತ್ತರ ಇಲ್ಲದಿದ್ದರೂ ಕೇಳು ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ಮಗು ‘ಗುಡ್ ನೈಟ್, ಅಮ್ಮ’ ಎಂದು ಗೋಡೆಯ ಕಡೆ ತಿರುಗಿಬಿಡುತ್ತಿತ್ತು.

ಬರುತ್ತೇನೆ ಎಂದು ವಿಲ್ಫಿಗೆ ಹೇಳಿ, ಅವಳು ಬೀರುವಿನ ತಳದಿಂದ ಮೆಲ್ಬರ್ನಿನಿಂದ ಬಂದ ಚೀಲ ತೆಗೆದಳು. ಏಪ್ರನ್ ಹೇಗಿತ್ತೋ ಹಾಗೇ ಇತ್ತು, ಎದೆಯ ಮೇಲೆ ಅಂಗೈ ಅಗಲದ ಅರಿಸಿನದ ಕಲೆ. ಬಕೆಟ್ಟಿನಲ್ಲಿ ನೆನೆಸಿ ಸೋಪು ಉಜ್ಜಿದಾಗ ಹಳದಿ ಕಲೆ ಕೆಂಪಗಾಯಿತು. ಅರಿಸಿನಕ್ಕೆ ಸೋಪು ತಾಕಿದರೆ ಹಾಗೇ ಆಗುವುದು, ಅಡುಗೆಮನೆ ಕಂಡ ಯಾರಿಗಾದರೂ ಗೊತ್ತು. ಬಾಗಿಲಲ್ಲಿ ನಿಂತಿದ್ದ ಇಳಾಗೆ ಗೊತ್ತಿರಲಿಲ್ಲ. ಕೆಂಪು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

ಅದು ರಕ್ತ ಅಲ್ಲ ಪುಟ್ಟಿ, ಅರಿಸಿನ, ನೀರು ಹಾಕಿದರೆ ಮತ್ತೆ ಹಳದಿಯಾಗುತ್ತದೆ, ಬಿಸಿಲಿಗೆ ಹಾಕಿದರೆ ಹೋಗಿಬಿಡುತ್ತದೆ ಎಂದು ಮಹಾಶ್ವೇತಾ ಜಾಲಿಸಿ ತೋರಿಸಿದಳು.

“ಕಮ್ಸ್ ಬ್ಯಾಕ್?” ಎಂದಳು ಇಳಾ.

ಕಲೆ ವಾಪಸ್ ಬರುತ್ತದೆಯೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡು ಮಹಾಶ್ವೇತಾ ಇಲ್ಲ ಎಂದಳು. ಮಗು ಹೊರಟುಹೋಯಿತು.

ಮರುದಿನ ಇಬ್ಬರೂ ರೈಲಿನಲ್ಲಿ ಪ್ಯಾರಮಟ್ಟಾಗೆ ಹೋದರು. ಮಡಿಚಿದ ಏಪ್ರನ್ ಇಳಾಳ ತೊಡೆಯ ಮೇಲಿತ್ತು. ಕಾಲೇಜಿನ ಅಂಗಳದಲ್ಲಿ ಅವತ್ತು ಜಾತ್ರೆಯಂಥ ಗದ್ದಲ. ಹೇರ್‌ಡ್ರೆಸಿಂಗ್ ಹುಡುಗಿಯರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಸಿಕ್ಕಿದವರಿಗೆಲ್ಲ ಪುಕ್ಕಟೆ ಜಡೆ ಹೆಣೆಯುತ್ತಿದ್ದರು. ಬಡಗಿ ಕೆಲಸ ಕಲಿತು ಹೋದ ಮುದುಕನೊಬ್ಬ, ತಾನು ಮಾಡಿದ ಬೆಂಚು ಇನ್ನೂ ಅಲುಗಾಡದೆ ಇದೆಯೇ ಎಂದು ಕೂತು ಎದ್ದು ಪರೀಕ್ಷಿಸುತ್ತಿದ್ದ. ಇಂಗ್ಲಿಷ್ ಕ್ಲಾಸಿನ ಅಜ್ಜಿಯರು ತಮ್ಮ ತಮ್ಮ ಭಾಷೆಯಲ್ಲೇ ಜಗಳವಾಡುತ್ತಿದ್ದರು. ಸುದರ್ಶನ್‌ಗೆ ಈ ಜಾಗ ಯಾಕೆ ಅಷ್ಟು ಇಷ್ಟವಾಗಿತ್ತು ಎಂದು ಮಹಾಶ್ವೇತಾಳಿಗೆ ಅವತ್ತು ತಿಳಿಯಿತು. ಇಲ್ಲಿ ತಡವಾಗಿ ಬಂದವರನ್ನು ಯಾರೂ ಯಾಕೆ ತಡ ಎಂದು ಕೇಳುತ್ತಿರಲಿಲ್ಲ.

ಕಾರಿಡಾರಿನಲ್ಲಿ ವಿಲ್ಫಿ ಕಾಯುತ್ತಿದ್ದ. ಹಳಬರೆಲ್ಲ ಏಪ್ರನ್ ಕಟ್ಟಿಕೊಂಡಿದ್ದರಿಂದ ಗೂಟಗಳೆಲ್ಲ ಬರಿದು. ಅವನು ಒಂದನ್ನು ತೋರಿಸಿ ಇಳಾಳನ್ನು ಎತ್ತಿಕೊಂಡ. ಅವಳೇ ಏಪ್ರನ್ ನೇತುಹಾಕಿದಳು. ಅಷ್ಟು ಗೂಟಗಳ ನಡುವೆ ಅದೊಂದೇ ಏಪ್ರನ್. ಅಡುಗೆ ಕಲಿಸುವ ಟೀಚರಮ್ಮ ಬಾಗಿಲವರೆಗೆ ಬಂದವರು ಅದನ್ನು ನೋಡಿ ತಿರುಗಿ ಒಳಗೆ ಹೋದರು.

ಊಟಕ್ಕೆ ಬಿಸಿಬೇಳೆಬಾತೇ. ಮಾಡಿದವರು ಮೆಲ್ಬರ್ನ್‌ಗೆ ಹೋಗಿದ್ದ ಮಕ್ಕಳು. ಉಪ್ಪು ಒಂದು ಚೂರು ಮುಂದಿತ್ತು, ಆದರೆ ಬೀನ್ಸ್ ಎಲ್ಲ ಒಂದೇ ಅಳತೆ. ಎದುರು ಕೂತ ವಿಲ್ಫಿ ಮೊದಲು ಹವಾಮಾನದ ಮಾತಾಡಿದ, ಆಮೇಲೆ ತಾನು ಅಡುಗೆ ಮಾಡುವ ವೃದ್ಧಾಶ್ರಮದ ಮಾತಾಡಿದ. ಕೊನೆಗೆ ತಡೆಯಲಾರದೆ, ಇಳಾಳ ತಟ್ಟೆಗೆ ಇನ್ನಷ್ಟು ಬೂಂದಿ ಹಾಕುತ್ತ ಹೇಳಿದ.

“ನಿನ್ನ ಅಪ್ಪ ಮೆಲ್ಬರ್ನ್‌ಗೆ ಹೋಗುವ ದಾರಿಯುದ್ದಕ್ಕೂ ನಿನ್ನದೇ ಕಥೆ ಗೊತ್ತುಂಟಾ ಪುಟ್ಟಿ? ‘ಹೋಗಿ ಬರ್ತೀನಿ’ ಅಂದ್ರೆ ನನ್ನ ಮಗಳು ತಲೆ ಕೂಡ ಎತ್ಲಿಲ್ಲ ಮಾರಾಯ, ‘ಹೋಗು’ ಅಂದ್ಲು, ತಹಸೀಲ್ದಾರರ ಹಾಗೆ. ಅಷ್ಟು ಹೇಳೂದು, ನಗೂದು. ಮತ್ತೆ ಹೇಳೂದು, ನಗೂದು.”

ಮಹಾಶ್ವೇತಾ ನಕ್ಕಳು. ಎಷ್ಟೋ ತಿಂಗಳ ಮೇಲೆ ಹೊಟ್ಟೆಯಿಂದ ಬಂದ ನಗು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಆ ಬೆಳಗು ಕಣ್ಣಿಗೆ ಕಟ್ಟಿತು. ತಾನು ಮೊಸರನ್ನದ ಡಬ್ಬಿ ಮುಚ್ಚುತ್ತಿದ್ದದ್ದು, ಇಳಾ ಟ್ಯಾಬ್ ನೋಡುತ್ತ ಸೀರಿಯಲ್ ತಿನ್ನುತ್ತಿದ್ದದ್ದು, ಅವನು ಮೆಟ್ಟಿಲು ಇಳಿಯುತ್ತ ನಕ್ಕದ್ದು. ಅವನು ಆ ನಗುವನ್ನು ಮೆಲ್ಬರ್ನಿನವರೆಗೂ ಒಯ್ದಿದ್ದ ಎಂದು ಕೇಳಿ ಅವಳ ಕರುಳು ತಂಪಾಯಿತು.

ಪಕ್ಕದಲ್ಲಿ ಇಳಾಳ ಚಮಚ ಅರ್ಧದಲ್ಲೇ ನಿಂತಿದ್ದನ್ನು ಅವಳು ಗಮನಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮಗು ಕುರ್ಚಿಯಿಂದ ಇಳಿದು ಹೋಯಿತು. ಜಡೆ ಹಾಕಿಸಿಕೊಳ್ಳಲು ಹೋಗಿರಬೇಕು ಅಂದುಕೊಂಡರು. ವಿಲ್ಫಿಗೆ ಶಿಫ್ಟಿನ ಹೊತ್ತಾಯಿತು. ಇಳಾಗೆ ಹೇಳಿಬಿಡಿ ಅಕ್ಕ, ಬರ್ತೇನೆ ಎಂದು ಹಿಂಬಾಗಿಲಿನಿಂದ ಹೊರಟ.

ಮಹಾಶ್ವೇತಾ ಹುಡುಕಿಕೊಂಡು ಹೋದಾಗ ಇಳಾ ಕಾರಿಡಾರಿನಲ್ಲಿ, ನೇತುಬಿದ್ದ ಏಪ್ರನ್ನಿನ ಕೆಳಗೆ, ಅದರ ದಾರದ ತುದಿ ಹಿಡಿದುಕೊಂಡು ಕೂತಿದ್ದಳು.

“ವಿಲ್ಫಿ ಅಂಕಲ್?”

“ಹೋದ್ರು ಪುಟ್ಟಿ, ಕೆಲಸಕ್ಕೆ ಹೊತ್ತಾಯ್ತು.”

ಇಳಾ ದಾರ ಬಿಟ್ಟಳು. ಎದ್ದವಳೇ ಓಡಿದಳು. ಊಟದ ಮೇಜುಗಳ ನಡುವೆ, ಹಿಂಬಾಗಿಲು ದಾಟಿ, ಕಾರ್ ಪಾರ್ಕಿನ ಉರಿಬಿಸಿಲಿಗೆ. ವಿಲ್ಫಿಯ ಬಿಳಿ ಕಾರು ಅಷ್ಟರಲ್ಲಿ ಗೇಟು ದಾಟಿ ರಸ್ತೆಗೆ ತಿರುಗಿತ್ತು.

“ಅಂಕಲ್, ಹೋಗಿ ಬನ್ನಿ. ಹೋಗಿ ಬನ್ನಿ. ಹೋಗಿ ಬನ್ನಿ.”

ಕಾರು ಕಾಣದಾದ ಮೇಲೂ ಹೇಳುತ್ತಲೇ ಇದ್ದಳು. ಅದು ಕನ್ನಡ ಕಲಿತ ಮಗುವಿನ ಮಾತಾಗಿರಲಿಲ್ಲ. ಬಿದ್ದುಹೋಗುತ್ತಿರುವುದನ್ನು ಎರಡು ಕೈಯಲ್ಲೂ ಹಿಡಿಯಲು ಹೊರಟವರ ದನಿ. ಮಹಾಶ್ವೇತಾ ಬಂದು ಅಪ್ಪಿಕೊಂಡಾಗ ಆ ಪುಟ್ಟ ಮೈ ಸೆಟೆದುಕೊಂಡಿತ್ತು. ರಸ್ತೆ ಕಡೆಯಿಂದ ಕಣ್ಣು ಕೀಳಲಿಲ್ಲ.

ಆಗ ಅವಳಿಗೆ ಆ ಬೆಳಗಿನ ಉಳಿದರ್ಧ ನೆನಪಾಯಿತು. ಸುದರ್ಶನ್ ಮೆಟ್ಟಿಲು ಇಳಿದು ಹೋದ ಮೇಲಿನದು. ಇಳಾಳ ಬಟ್ಟಲು ಎತ್ತುತ್ತ, ಕೈ ಒರೆಸುತ್ತ, ತನ್ನ ಅಮ್ಮ ತನಗೆ ಹೇಳಿದ್ದನ್ನು, ಅಜ್ಜಿ ಅಮ್ಮನಿಗೆ ಹೇಳಿದ್ದನ್ನು, ಲೋಕದ ತಾಯಂದಿರೆಲ್ಲ ಕೆಲಸದ ನಡುವೆ ಹೇಳಿ ಮರೆಯುವಂಥದ್ದನ್ನು ತಾನೂ ಹೇಳಿದ್ದಳು. ಹೋಗು ಅನ್ನಬಾರದು ಪುಟ್ಟಿ. ಹಾಗಂದರೆ ಹೋದವರು ವಾಪಸ್ ಬರಲ್ಲ. ಹೋಗಿ ಬಾ ಅನ್ನಬೇಕು.

ಪಾರ್ಸೆಲ್ ಹುಡುಗ, ನಲ್ಲಿಯವನು, ಅಜ್ಜಿ, ಹಕ್ಕಿ. ಇಷ್ಟು ದಿನ ಈ ಮಗು ಒಬ್ಬೊಬ್ಬರನ್ನೂ ಕಾಪಾಡುತ್ತಿತ್ತು.

ಮಹಾಶ್ವೇತಾ ಕಾರ್ ಪಾರ್ಕಿನ ಅಂಚುಕಲ್ಲಿನ ಮೇಲೆ ಕುಸಿದು ಕೂತು ಮಗಳನ್ನು ಎದೆಗೆ ಎಳೆದುಕೊಂಡಳು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದ ಸದ್ದು. ಇಳಾಳ ಗಲ್ಲ ನಡುಗತೊಡಗಿತು, ಆಮೇಲೆ ಭುಜ, ಆಮೇಲೆ ಇಡೀ ಮೈ. ಅಷ್ಟು ತಿಂಗಳು ಬಾರದಿದ್ದ ಅಳು ಒಂದೇ ಸಲಕ್ಕೆ ಬಂತು. ಅಳುವಿನ ನಡುವೆ ಮಗು ಅಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನತ್ತ ತಿರುಗಿಸಿಕೊಂಡಿತು. ಇಂಗ್ಲಿಷಿನಲ್ಲಿ ಅಲ್ಲ, ಅಪ್ಪನ ಭಾಷೆಯಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಕೇಳಿತು.

“ಅಮ್ಮ, ನಾನು ಹೋಗು ಅಂದೆ ಅಲ್ವಾ. ಬಾ ಅನ್ನಲಿಲ್ಲ. ಅದಕ್ಕೇನಾ ಅಪ್ಪ ಬರ್ಲಿಲ್ಲ?”