ಕಲ್ಲಿನ ಸಂದು

"ಕಲ್ಲಿಗೆಲ್ಲಿ ಮೊಳೆ ಇಳೀತದೆ, ಸಂದಿಗೇ ಹೊಡೀಬೇಕು," ಎನ್ನುತ್ತ ಗಿರಿಧರ ಗೋಡೆಯ ಮೇಲೆ ಬೆರಳಾಡಿಸಿ, ಎರಡು ಕಲ್ಲುಗಳ ನಡುವಿನ ಗೆರೆಗೆ ಮೊಳೆ ಇಟ್ಟು ಸುತ್ತಿಗೆ ಎತ್ತಿದ. ಹೆಣವನ್ನು ಅದೇ ಗೋಡೆಗೆ ಒರಗಿಸಿ ಕೂರಿಸಿಯಾಗಿತ್ತು. ತಲೆ ವಾಲದಂತೆ ಹಣೆಗೆ ಸುತ್ತಿದ ಬಟ್ಟೆಯನ್ನು ಕಟ್ಟಲು ಮೊಳೆಯೊಂದು ಬೇಕಿತ್ತು. ಬ್ಯಾಕೋಡಿನಿಂದ ಬೆಳಗ್ಗೆಯಷ್ಟೇ ಬಂದಿಳಿದ ಈ ನೆಂಟನಿಗೆ ಆ ಗೋಡೆಯಲ್ಲಿ ಒಂದು ಕಲ್ಲೂ ಇಲ್ಲವೆಂದು ಗೊತ್ತಿರಲಿಲ್ಲ. ಅದು ಮಣ್ಣಿನ ಗೋಡೆ. ಕಲ್ಲೆಲ್ಲ ಸತ್ತ ಅಂಜನಪ್ಪ ಬಳಿದ ಬಣ್ಣ.

"ಅಲ್ಲಿ ಬೇಡ ಗಿರಿಧರಣ್ಣ," ಎಂದ ಅಳಿಯ ಯೋಗರಾಜ್.

ಆ ಗೆರೆಯೊಂದು ಮಾತ್ರ ಬರೀ ಬಣ್ಣವಾಗಿರಲಿಲ್ಲ.

*

ಹೋದ ಮಳೆಗಾಲದಲ್ಲಿ ಪಕ್ಕದವರು ಜೆಸಿಬಿ ತಂದು ಪಾಯ ತೋಡಿದಾಗ ಗೋಡೆ ಸೂರಿನಿಂದ ನೆಲದವರೆಗೆ ಬಿರಿದಿತ್ತು. ಊರಿಗೆ ಹೋಗಿದ್ದ ಹೆಂಡತಿ ಮಾಸ್ತಮ್ಮ ಬರುವುದರೊಳಗೆ ಅಂಜನಪ್ಪ ಬಿರುಕಿಗೆ ಪುಟ್ಟಿ ಮೆತ್ತಿದ, ಸ್ಪಂಜಿನಿಂದ ಬೂದು ಬಣ್ಣ ಒತ್ತಿದ, ಬಿರುಕು ಹೋದ ದಾರಿಯಲ್ಲೇ ಕಲ್ಲಿನ ಸಂದು ಬರೆದ. ಜೊತೆಗೆ ಗೋಡೆ ತುಂಬ ಅಂಥವೇ ಸುಳ್ಳು ಸಂದುಗಳು.

"ಬೇಸಿಗೇಲಿ ಕೆಡವಿ ಕಟ್ಟನ. ಅಲ್ಲೀತನಕ ನಿಮ್ಮತ್ತೆಗೆ ಹೇಳ್ಬೇಡ, ನಿದ್ದೆ ಬಿಡ್ತಾಳೆ," ಎಂದಿದ್ದ ಅಳಿಯನಿಗೆ.

ಬೇಸಿಗೆ ಬರುವ ಹೊತ್ತಿಗೆ ಗೋಡೆ ನೋಡಲೆಂದೇ ಹೊಸನಗರಕ್ಕೆ ಜನ ಬರತೊಡಗಿದ್ದರು. ತೀರ್ಥಹಳ್ಳಿಯ ಛತ್ರಕ್ಕೆ ಬಣ್ಣ ಬಳಿಯುವ ಕೆಲಸ ಸಿಕ್ಕಿದ್ದೂ ಅದನ್ನು ತೋರಿಸಿಯೇ. ಆಮೇಲೆ ಮಾವನೂ ಅಳಿಯನೂ ಅದರ ಮಾತೆತ್ತಲಿಲ್ಲ.

*

"ಮಾವನ್ನ ಜಗಲೀಲಿ ಕೂರ್ಸನ ಅತ್ತೆ. ಇಲ್ಲಿ ಸೆಕೆ."

ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಮಾಸ್ತಮ್ಮ ತಲೆಯೆತ್ತಲಿಲ್ಲ. "ಅವ್ರು ಮಾಡಿದ್ ಗೋಡೆ. ಅವ್ರು ಇಲ್ಲೇ ಕೂತ್ಕಳ್ಳಿ."

ಗಿರಿಧರ ಮೊಳೆ ಒತ್ತಿದ. ಸುತ್ತಿಗೆ ತಾಗುವ ಮೊದಲೇ ಅದು ಪೂರ್ತಿ ಒಳಗೆ ಹೋಗಿ ಮಾಯವಾಯಿತು. ಅವನು ಬೆರಳು ನೋಡಿಕೊಂಡ.

ಯೋಗರಾಜ್ ಮೊಳೆ ಹೋದ ತೂತನ್ನೇ ನೋಡಿದ. ಈಗ ಹೇಳಿದರೆ ಮಾವ ಬಳಿದ ಗೋಡೆಗಳನ್ನೆಲ್ಲ ಊರು ಇವತ್ತೇ ತಟ್ಟಿ ನೋಡುತ್ತದೆ. ಹೇಳದೆ ಗೋಡೆ ಕುಸಿದರೆ, ಹಾಲ್ ತುಂಬ ಜನ.

"ಮೊಳೆ ಬೇಡ. ನಾನೇ ಹಿಡ್ಕೋತೀನಿ."

"ಎತ್ತೋ ತನಕ ಹಿಡ್ಕಂಡಿರ್ತೀಯನ ಮಾರಾಯ?"

ಯೋಗರಾಜ್ ಅತ್ತೆಯನ್ನು ಎಬ್ಬಿಸಿ ಬಾಗಿಲ ಬಳಿ ಕೂರಿಸಿದ. ಗಾಳಿ ಬರಲಿ ಎಂದು ಉಳಿದವರನ್ನೂ ಹಿಂದೆ ಸರಿಸಿದ. ಆಮೇಲೆ ಹೆಣಕ್ಕೂ ಗೋಡೆಗೂ ನಡುವೆ ತೂರಿ ಕೂತು, ಮಾವನ ತಲೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದ. ಬಾಗಿಲಲ್ಲಿ ಯಾರೋ ಬಗ್ಗಿ ನೋಡಿ, ಥೇಟ್ ಕಲ್ಲೇ ಅಂದರು.

ಅಂಗಳದಲ್ಲಿ ತಮಟೆ ಶುರುವಾಯಿತು. ಪೆಟ್ಟು ಪೆಟ್ಟಿಗೂ ಬೆನ್ನ ಹಿಂದೆ ಗೋಡೆ ಸಣ್ಣಗೆ ಅದುರುತ್ತಿತ್ತು. ಅವನ ಕಾಲರಿನೊಳಗೆ ಒಂದು ಚಿಟಿಕೆ ಮಣ್ಣು ಉದುರಿತು. ಕೈ ಬಿಡುವಂತಿರಲಿಲ್ಲ. ಮತ್ತೆ ಉದುರಿತು, ಆಮೇಲೆ ನಿಲ್ಲದೆ ಇಳಿಯತೊಡಗಿತು, ತಣ್ಣಗೆ, ಬೆನ್ನುಹುರಿಯ ಗುಂಟ.