ಭುಜದ ಮೇಲಿನ ನಾಲ್ಕು ಬೆರಳು

ಇದಲ್ಲ. ಇದೂ ಅಲ್ಲ. ಮೂವತ್ತೊಂದನೆಯ ಫಾಂಟನ್ನೂ ತಳ್ಳಿಹಾಕಿ ಅವನು ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಭಾನುವಾರ, ಬೆಳಗಿನ ಒಂಬತ್ತು ಗಂಟೆ. ಸಂಜೆಯೊಳಗೆ ಬ್ಲಾಗಿಗೆ ಹೊಸ ರೂಪ ಬರಲೇಬೇಕು. ಇವತ್ತು ಒಂದು ಕೈ ನೋಡಿಯೇಬಿಡುವುದೆಂದು ಹಾಸಿಗೆಯಿಂದ ಏಳುವಾಗಲೇ ತೀರ್ಮಾನಿಸಿದ್ದ.

ವಾರದ ಆರು ದಿನವೂ ತನ್ನ ಕನ್ನಡಕದಂಗಡಿಯ ಹಿಂದಿನ ಕತ್ತಲೆಕೋಣೆಯಲ್ಲಿ, ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತೋ, ಇದೋ?" ಎಂದು ಕೇಳುವುದು ಅವನ ಕೆಲಸ. ಹದಿನೆಂಟು ವರ್ಷದಿಂದ ಕೇಳುತ್ತ ಬಂದಿದ್ದ. ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಇವತ್ತು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದ. ಉತ್ತರ ಮಾತ್ರ ಬಾಯಿಗೆ ಬರುತ್ತಿರಲಿಲ್ಲ.

ಬ್ಲಾಗಿನಲ್ಲಿದ್ದದ್ದು ಆರು ವರ್ಷದಲ್ಲಿ ಬರೆದ ಹನ್ನೊಂದು ಬರಹ. ಕೊನೆಯದಕ್ಕೆ ಎರಡು ವರ್ಷ ತುಂಬಿತ್ತು. ಬರೆಯಲಾಗದ್ದಕ್ಕೆ ಕಾರಣ ಆ ಪೇಲವ ಹಳದಿ ಹಿನ್ನೆಲೆ, ಬದಿಯಲ್ಲಿ ಜೋತುಬಿದ್ದ ಕ್ಯಾಲೆಂಡರು, ಎಷ್ಟು ಜನ ಬಂದುಹೋದರೆಂದು ಸಾರುವ ಆ ನಾಚಿಕೆಗೇಡಿ ಅಂಕಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವನಿಗೂ ನೆನಪಾಯಿತು. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಪಾಪ ಅವಳೇನು ಮಾಡಬೇಕು ಎಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಹಳದಿ ಹೋಗಿ ತೆಳುಬೂದು ಬಂತು. ಕ್ಯಾಲೆಂಡರು ಹೋಯಿತು. ಅಂಕಿ ಹೋಯಿತು. ಓದುಗರ ಪ್ರತಿಕ್ರಿಯೆಯ ಪೆಟ್ಟಿಗೆಯನ್ನೂ ಮುಚ್ಚಿದ. ಒಂದೊಂದು ಹೋದಾಗಲೂ ಎದೆ ಹಗುರಾಯಿತು. ಉಳಿದದ್ದು ಹೆಸರಿನ ಪಕ್ಕದ ಚೌಕ. ಅಲ್ಲಿ ಬರೆದವನ ಫೋಟೋ ಬೇಕು. ಅವನೊಬ್ಬನೇ ಇರುವ ಫೋಟೋ.

ಅಂಥದ್ದೊಂದು ಇರಲಿಲ್ಲ. ಹುಡುಕಿದಷ್ಟೂ ಪಕ್ಕದಲ್ಲಿ ಯಾರೋ ಒಬ್ಬರು. ಆಗಲೇ ಮೊಬೈಲಿನಲ್ಲಿ ತೆಗೆದುಕೊಂಡ ಮೂರರಲ್ಲೂ ಗಿರಾಕಿಗೆ ಕಾದು ಕೂತ ಅಂಗಡಿಯವನ ಮುಖ. ಕೊನೆಗೆ ಹಳೆಯದೊಂದು ಸಿಕ್ಕಿತು. ಅಂಗಡಿಯ ಹೊಸ ಬೋರ್ಡಿನ ಕೆಳಗೆ ತಲೆಯೆತ್ತಿ ನಿಂತಿದ್ದಾನೆ, ಕಣ್ಣು ಎಲ್ಲೋ ದೂರದಲ್ಲಿ. ಕನಸು ಕಾಣುವವನ ಕಣ್ಣು. ಪಕ್ಕದಲ್ಲಿ ಹೆಂಡತಿ.

ಹೆಂಡತಿಯನ್ನು ಕತ್ತರಿಸಿದ. ಭುಜದ ಮೇಲೆ ಅವಳ ನಾಲ್ಕು ಬೆರಳು ಉಳಿದವು. ಇನ್ನೂ ಒಳಗೆ ಕತ್ತರಿಸಿದರೆ ಅವನ ಕಿವಿಯೇ ಹೋಗುತ್ತಿತ್ತು.

ಮಗಳನ್ನು ಕರೆದ. ಹದಿನಾರರ ಅವಳಿಗೆ ಇಂಥ ಕೆಲಸ ನೀರು ಕುಡಿದಷ್ಟು ಸುಲಭ.

"ಇದು ಯಾರ ಕೈ ಅಪ್ಪ?"

"ಯಾರದ್ದೋ. ತೆಗೆಯೋಕಾಗುತ್ತಾ?"

"ಅಮ್ಮನ್ದಲ್ವಾ? ಉಂಗುರ ಕಾಣ್ತಿದೆ."

"ಚೌಕದಲ್ಲಿ ಜಾಗ ಸಾಲಲ್ಲ. ಅದಕ್ಕೆ."

"ಅಮ್ಮನೂ ಇರ್ಲಿ ಬಿಡು. ಚೌಕ ದೊಡ್ಡದು ಮಾಡ್ಕೊಡ್ತೀನಿ."

"ಇದು ನನ್ನ ಬ್ಲಾಗು."

ಮಗಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಎರಡೇ ನಿಮಿಷದಲ್ಲಿ ಬೆರಳುಗಳನ್ನು ಒಂದೊಂದಾಗಿ ಅಳಿಸಿದಳು. ಅವುಗಳ ಜಾಗದಲ್ಲಿ ಅಂಗಿಯ ಬಟ್ಟೆ ತುಂಬಿಕೊಂಡಿತು.

"ಭುಜ ಇನ್ನೂ ಒಂದ್ಕಡೆ ಬಗ್ಗಿದೆಯಲ್ಲೇ."

"ಕೈ ಭಾರಕ್ಕೆ ಬಗ್ಗಿರೋದು. ಅದಕ್ಕೆ ನಾನೇನು ಮಾಡ್ಲಿ?" ಎಂದು ಎದ್ದು ತನ್ನ ಕೋಣೆಗೆ ಹೋದಳು.

ನಾಲ್ಕು ಗಂಟೆಗೆ ಹೆಂಡತಿ ಟೀ ತಂದಳು. ಶಾಲೆಯಲ್ಲಿ ಗಣಿತದ ಟೀಚರು. ಬೆಳಗಿನಿಂದ ನಡುಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ತಿರುಗಿಸಬೇಕೆಂದೇನೂ ಇರಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ." ಬಗ್ಗಿ ನೋಡಿದಳು. "ಅಂಗಡಿ ತೆರೆದ ದಿನದ್ದು."

"ನೆನಪಿದೆಯಾ?"

"ಅವತ್ತು ನೀವು ನಡುಗ್ತಾ ಇದ್ರಿ. ಎಲ್ಲಿ ಓಡಿಹೋಗ್ತೀರೋ ಅಂತ ಹಿಡ್ಕೊಂಡಿದ್ದೆ."

ಅವನಿಗೆ ಆ ದಿನ ಹಾಗೆ ನೆನಪಿರಲಿಲ್ಲ. ಮತ್ತೆ ನೋಡಿದ. ಕನಸು ಎಂದುಕೊಂಡಿದ್ದ ಕಣ್ಣು ತಪ್ಪಿಸಿಕೊಳ್ಳಲು ಸಂದಿ ಹುಡುಕುತ್ತಿತ್ತು.

"ಈಗ ಗೊತ್ತಾಗಲ್ಲ, ಅಲ್ವಾ?"

"ಏನು?"

"ನಡುಗ್ತಿದ್ದದ್ದು."

"ಇಲ್ಲ. ಏನೂ ಗೊತ್ತಾಗಲ್ಲ." ಅವಳು ಬೆಳಗಿನ ಖಾಲಿ ಲೋಟವನ್ನು ಎತ್ತಿಕೊಂಡಳು. "ಕೆಂಪು ಪೆನ್ನು ಮುಗೀತು. ತಂದುಬಿಡ್ತೀನಿ."

"ಮಗಳು ಹೋಗ್ತಾಳೆ ಬಿಡು."

"ಬೇಡ. ನಾನೇ ಹೋಗ್ತೀನಿ."

ಬಾಗಿಲು ಮುಚ್ಚಿದ ಸದ್ದಾಯಿತು. ಅವನು ಗುಂಡಿ ಒತ್ತಿದ. ಬದಲಾವಣೆಗಳನ್ನು ಉಳಿಸಲಾಗಿದೆ ಎಂದಿತು ಪರದೆ. ಅಂದುಕೊಂಡ ಹೊತ್ತಿಗೆ ಕೆಲಸ ಮುಗಿದಿತ್ತು. ಹೊಸ ಬರಹದ ಪುಟ ತೆರೆದ. ಚೊಕ್ಕವಾಗಿತ್ತು. ಇನ್ನು ನೆಲ ಡೊಂಕೆನ್ನುವ ಹಾಗಿರಲಿಲ್ಲ.

'ಆ ದಿನ ನಾನು ನಡುಗುತ್ತಿದ್ದೆ' ಎಂದು ಬರೆದ.

ಎರಡು ವರ್ಷದಲ್ಲಿ ಮೊದಲ ವಾಕ್ಯ. ಅವನಿಗೆ ಮೈ ಜುಮ್ಮೆಂದಿತು. ಬೆರಳು ಎರಡನೆಯದಕ್ಕೆ ಸಿದ್ಧವಾಗಿ ಕಾದವು. ಯಾತಕ್ಕೆ ನಡುಗುತ್ತಿದ್ದ? ಸಾಲಕ್ಕೋ, ಜನರಿಗೋ, ಇಡೀ ಬದುಕು ಆ ಬೋರ್ಡಿನ ಕೆಳಗೇ ಕಳೆದುಹೋಗುತ್ತದೆಂದೋ? ಎಷ್ಟು ತಡಕಿದರೂ ಕೈಗೆ ಏನೂ ಹತ್ತಲಿಲ್ಲ. ಗೊತ್ತಿದ್ದರೆ ಅವಳಿಗೆ ಗೊತ್ತು. ಈಗಲೇ ಕೇಳಬೇಕು. ಅವಳು ತಿರುಗಿ ಬರುವುದರೊಳಗೆ ಈ ಜುಮ್ಮೆನ್ನುವುದು ಆರಿಹೋದರೆ ಮತ್ತೆ ಎರಡು ವರ್ಷ.

ಫೋನು ಮಾಡಿದರೆ ಅವಳ ಮೊಬೈಲು ಉತ್ತರಪತ್ರಿಕೆಗಳ ನಡುವೆಯೇ ರಿಂಗಾಯಿತು. ಅವನು ಎದ್ದು ಕಿಟಕಿಗೆ ಹೋದ. ಮೂರನೆಯ ಮಹಡಿ. ಕೆಳಗೆ ಅವಳು ಗೇಟು ದಾಟಿ ರಸ್ತೆಯಂಚಿನಲ್ಲಿ ನಿಂತಿದ್ದಳು. ಬಸ್ಸೊಂದು ಹೋಗಲೆಂದು ಕಾಯುತ್ತಿದ್ದಳು. ಚಿಲಕ ತೆಗೆದು ಕಿಟಕಿ ನೂಕಿದ. ಅದು ಅಲುಗಲಿಲ್ಲ. ಹೋದ ವಾರವಷ್ಟೇ ಕಟ್ಟಡಕ್ಕೆ ಬಣ್ಣ ಹೊಡೆದವರು ಚೌಕಟ್ಟನ್ನೂ ಕದವನ್ನೂ ಸೇರಿಸಿಯೇ ಬಳಿದುಬಿಟ್ಟಿದ್ದರು. ಒಣಗಿದ ಬಣ್ಣ ಎರಡನ್ನೂ ಒಂದು ಮಾಡಿತ್ತು.

ಗಾಜು ತಟ್ಟಿದ. "ಏ, ಒಂದ್ನಿಮಿಷ!" ಎಂದು ಕೂಗಿದ. ಕೋಣೆಯೊಳಗೇ ದನಿ ಸುತ್ತು ಹೊಡೆಯಿತು.

"ಯಾರನ್ನ ಕರೀತಿದೀಯ ಅಪ್ಪ?" ಮಗಳು ಒಳಗಿನಿಂದ ಕೇಳಿದಳು.

ಅವನು ಹಲ್ಲು ಕಚ್ಚಿ, ಕಾಲೂರಿ, ಮುಖವನ್ನು ಗಾಜಿಗೆ ಆನಿಸಿ ಇನ್ನಷ್ಟು ಜೋರಾಗಿ ನೂಕಿದ. ಬಸ್ಸು ದಾಟಿತು. ಗಾಜಿನ ಮೇಲೆ ಅವನದೇ ಉಸಿರು ಮಂಜಾಗಿ ಹರಡಿ ಮೊದಲು ರಸ್ತೆಯನ್ನು, ಆಮೇಲೆ ಅವಳನ್ನು ಅಳಿಸಿತು. ಅವನು ಅದನ್ನು ಒರೆಸಲಿಲ್ಲ. ಎರಡೂ ಕೈ ನೂಕುವುದರಲ್ಲಿದ್ದವು.