ಎರಡು ಮನೆಯ ಹಾಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆ ಮನೆ ಹುಡುಕಿ ನೋಡು ಎನ್ನಲಿಲ್ಲ. ಪಾಪ, ಅವರಿಗೆಲ್ಲ ಸ್ವಂತ ಮನೆ ಇತ್ತೆಂದು ಕಾಣುತ್ತದೆ.

ಆಂಡರ್ಸನ್‌ಪೇಟೆಯ ಶಶಿರೇಖ ಹುಡುಕಿ ನೋಡಿದಳು. ಅವಳು ಒಂಬತ್ತು ವರ್ಷದಿಂದ ಮೂರೂವರೆ ಸಾವಿರಕ್ಕೆ ಇದ್ದ ಎರಡು ಕೋಣೆಗೆ, ಯುಗಾದಿ ಕಳೆದ ಮೇಲೆ ಒಂದು ದಿನ, ಓನರ್ ಕದಿರಪ್ಪ ಏಳು ಸಾವಿರ ಕೇಳಿದ. ಸುಣ್ಣ ಹೊಡೆಸಿರಲಿಲ್ಲ, ನಲ್ಲಿ ಹಾಕಿಸಿರಲಿಲ್ಲ. ಬಚ್ಚಲ ಬಾಗಿಲಿನ ಚಿಲಕ ಕೂಡ ಶಶಿರೇಖಳೇ ತಂದು ಹಾಕಿಸಿದ್ದು. ಯಾಕೆ ಇಷ್ಟು ಎಂದರೆ, ಹೊಸ ರಸ್ತೆ ಬಂತಲ್ಲಮ್ಮ, ಬೆಂಗಳೂರು ಹತ್ತಿರ ಆಯಿತು ಎಂದ. ಬೆಂಗಳೂರು ಹತ್ತಿರ ಬಂದದ್ದಕ್ಕೆ ತಾನೇಕೆ ದುಡ್ಡು ಕೊಡಬೇಕೆಂದು ಅವಳಿಗೆ ಅರ್ಥವಾಗಲಿಲ್ಲ. ಗಂಡ ಗಿರಿಗೆ ಮಾಲೂರಿನ ಕಾರ್ಖಾನೆಯಲ್ಲಿ ಹದಿನೈದು ಸಾವಿರ ಸಂಬಳ, ಅವಳದು ಸೀರೆಗೆ ಫಾಲ್ಸ್ ಹೊಲಿಯುವ ಕೆಲಸ, ಮಗಳು ಹರಿಪ್ರಿಯಾ ಕಾಲೇಜಿನಲ್ಲಿ. ಶ್ರಾವಣ ಹುಟ್ಟಿದ ದಿನ ಖಾಲಿ ಮಾಡುತ್ತೇವೆ ಎಂದು ಶಶಿರೇಖ ರೋಷದಲ್ಲಿ ಹೇಳಿಬಿಟ್ಟಳು.

ಎರಡು ತಿಂಗಳು ಕಾಲು ಸವೆಸಿದ ಮೇಲೆ ಬಂಗಾರಪೇಟೆಯಲ್ಲಿ ಒಂದು ಮನೆ ಸಿಕ್ಕಿತು. ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗಬಹುದು, ಬಾಡಿಗೆ ಐದು ಸಾವಿರ. ಹೊಲದ ಒಂದು ತುಂಡು ಮಾರಿ ಮಹಡಿ ಕಟ್ಟಿಸಿದ್ದ ವೆಂಕಟರತ್ನಮ್ಮ ಓನರ್. ಕೆಳಗೆ ಅವಳು, ಅವಳ ನಾಲ್ಕು ಹಸುಗಳು. ಆದರೆ ಆಷಾಢಕ್ಕೆ ವಾರವೇ ಉಳಿದಿತ್ತು. ಅಷ್ಟರಲ್ಲಿ ಸಾಮಾನು ಕಟ್ಟಿ ಮುಗಿಯುವ ಹಾಗಿರಲಿಲ್ಲ, ಆಷಾಢದಲ್ಲಿ ಮನೆ ಬದಲಾಯಿಸುವವರುಂಟೆ? ಅದಕ್ಕೂ ನಮ್ಮವರಲ್ಲಿ ಉಪಾಯವಿದೆ. ಆಷಾಢ ಹುಟ್ಟುವ ಮುಂಚೆ ಒಳ್ಳೆಯ ಗಳಿಗೆಯಲ್ಲಿ ಹೋಗಿ ಖಾಲಿ ಮನೆಯಲ್ಲಿ ಹಾಲು ಉಕ್ಕಿಸಿ ಬಂದರೆ ಸಾಕು, ಮನೆ ಹೊಕ್ಕ ಹಾಗೆಯೇ. ಸಾಮಾನು ಶ್ರಾವಣದಲ್ಲಿ ಬಂದರೂ ನಡೆಯುತ್ತದೆ.

ಆಷಾಢದ ಬಾಡಿಗೆಯನ್ನೂ ಕೊಟ್ಟುಬಿಡೋಣ ಎಂದು ಗಿರಿ ಹೇಳಿದ. ಇರದ ಮನೆಗೆ ಬಾಡಿಗೆ ಕೊಡಲು ತನಗೇನು ತಲೆ ಕೆಟ್ಟಿದೆಯೇ ಎಂದು ಶಶಿರೇಖ ಅವನ ಬಾಯಿ ಮುಚ್ಚಿಸಿದಳು. ವೆಂಕಟರತ್ನಮ್ಮನೂ ಧಾರಾಳಿಯೇ. ಅಡ್ವಾನ್ಸ್ ಕೂಡ ಬಂದ ಮೇಲೆ ಕೊಡು ಎಂದಳು.

"ಆಲು ಉಕ್ಕ್ಸಿದ ಮೇಲೆ ಮನೆ ನಿಂದೇ ಕಣಮ್ಮಾ."

ಹಾಲು ಅವಳ ಹಸುವಿನದೇ. ಶಶಿರೇಖ ಹೊಸ ಸ್ಟೀಲ್ ಪಾತ್ರೆ ಕೊಂಡು, ಅರಿಸಿನ ಕುಂಕುಮ ಹಚ್ಚಿ, ಚಿಕ್ಕ ಒಲೆಯ ಮೇಲಿಟ್ಟಳು. ಹಾಲು ಪೂರ್ವಕ್ಕೇ ಉಕ್ಕಿತು. ಒಳ್ಳೆಯ ಲಕ್ಷಣ ಎಂದು ವೆಂಕಟರತ್ನಮ್ಮ ಸಕ್ಕರೆ ಹಾಕಿಸಿಕೊಂಡು ಒಂದು ಲೋಟ ಕುಡಿದಳು. ಪಾತ್ರೆಯನ್ನು ಅಲ್ಲೇ ಗೂಡಿನಲ್ಲಿ ಬಿಟ್ಟು ಬಂದರು.

ಅದೇ ಸಂಜೆ ಆಂಡರ್ಸನ್‌ಪೇಟೆಯ ಬಾಗಿಲಲ್ಲಿ ಅಂಬಿಕ ಎಂಬ ಹುಡುಗಿ ಗಂಡನ ಜೊತೆ ನಿಂತಿದ್ದಳು. ಕದಿರಪ್ಪ ಮನೆಯನ್ನು ಇವರಿಗೆ ಕೊಟ್ಟಿದ್ದ. ಅವರಿಗೂ ಆಷಾಢದ್ದೇ ಭಯ.

"ಅಕ್ಕಾ, ನಿಮ್ಮ ಒಲೆ ಮೇಲೆ ಒಂಚೂರು ಆಲು ಉಕ್ಕ್ಸ್ಕೊಂಡು ಓಗ್ಲಾ?" ಎಂದಳು ಅಂಬಿಕ, ನೆಲ ನೋಡುತ್ತ.

ಶಶಿರೇಖಳಿಗೆ ನಗು ಬಂತು. ಹುಳಿಯ ಪಾತ್ರೆ ಇಳಿಸಿ, ಒಲೆ ಒರೆಸಿ, ತಾನೇ ಗ್ಯಾಸ್ ಹಚ್ಚಿಕೊಟ್ಟಳು. ಹೋಗುವಾಗ ಕುಂಕುಮವನ್ನೂ ಇಟ್ಟಳು. ಮುಂದೆ ಸೂರು ಇದೆ ಎಂದಾಗ ಮನುಷ್ಯರ ಕೈ ಎಷ್ಟು ಉದ್ದವಾಗುತ್ತದೆ ನೋಡಿ.

ಆಷಾಢ ಅರ್ಧ ಕಳೆದಾಗ ಕಿಟಕಿಗೆ ಪರದೆಯ ಅಳತೆ ತೆಗೆದುಕೊಳ್ಳಲು ಅವಳು ಟೇಪು ಹಿಡಿದು ಬಂಗಾರಪೇಟೆಗೆ ಹೋದಳು. ಮಹಡಿಯ ಮೆಟ್ಟಿಲ ಕೊನೆಗೆ ಎಂಟು ಜೊತೆ ಚಪ್ಪಲಿ ಇದ್ದವು. ಒಳಗೆ ಹಾಸಿಗೆಗಳು, ಹಗ್ಗದ ಮೇಲೆ ಕಂಪನಿಯ ಒಂದೇ ಬಣ್ಣದ ಅಂಗಿಗಳು. ಹೊರರಾಜ್ಯದ ಹುಡುಗಿಯೊಬ್ಬಳು ಅವಳ ಹಾಲಿನ ಪಾತ್ರೆಯಲ್ಲಿ ಅನ್ನಕ್ಕಿಟ್ಟಿದ್ದಳು.

ವೆಂಕಟರತ್ನಮ್ಮ ಹಸುವಿನ ಹತ್ತಿರದಿಂದ ಎದ್ದು ಬಂದಳು. ಮುಖ ತಪ್ಪಿಸಲಿಲ್ಲ.

"ನೀನು ಆಲು ಉಕ್ಕ್ಸಿದ್ದು ನಿಜ, ಇಲ್ಲ ಅನ್ನಲ್ಲ. ಈ ಎಣ್ಣುಮಕ್ಳು ಎಂಟು ಜನ, ತಲೆಗೆ ಎರಡು ಸಾವ್ರ. ಅವ್ರಿಗೆ ಆಷಾಡ ಗೀಷಾಡ ಏನೂ ಇಲ್ಲ, ಕೇಳಿದ ದಿನಾನೇ ಬಂದ್ರು. ನೀನಾಗಿದ್ರೆ ಏನ್ ಮಾಡ್ತಿದ್ದೆ, ಯೋಳು."

ಶಶಿರೇಖಳಿಗೆ ಉತ್ತರ ಗೊತ್ತಿತ್ತು. ಹದಿನಾರು ಸಾವಿರದ ಎದುರು ಐದು ಸಾವಿರಕ್ಕೆ ಯಾವ ದೇವರು ಸಾಕ್ಷಿ ಹೇಳಿಯಾನು? ಮೇಲಿನ ಹುಡುಗಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿರಬೇಕು. ಅನ್ನ ಬಗ್ಗಿಸಿ, ಪಾತ್ರೆ ಬೆಳಗಿ, ಸೆರಗಿಲ್ಲದ್ದಕ್ಕೆ ಅಂಗಿಯ ತುದಿಯಲ್ಲಿ ಒರೆಸಿ ತಂದುಕೊಟ್ಟಳು. ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲವಲ್ಲ ಎಂದು ಶಶಿರೇಖ ರೈಲಿನಲ್ಲಿ ಹಲ್ಲು ಕಚ್ಚಿ ಕೂತಳು.

ಸ್ವಾಭಿಮಾನ ನುಂಗಿಕೊಂಡು ಕದಿರಪ್ಪನ ಹತ್ತಿರ ಹೋದಳು. ಏಳು ಸಾವಿರವೇ ಕೊಡುತ್ತೇನೆ, ಇರಲು ಬಿಡಿ ಎಂದಳು. ಎಲ್ಲಿಂದ ಕೊಡುವುದೆಂದು ಅವಳಿಗೇ ಗೊತ್ತಿರಲಿಲ್ಲ. ಕದಿರಪ್ಪ ಕೆನ್ನೆ ಬಡಿದುಕೊಂಡ.

"ಅವರು ಆಲು ಉಕ್ಕ್ಸವ್ರಲ್ಲಮ್ಮ, ಅದೂ ನಿನ್ನ ಒಲೆ ಮೇಲೆ. ಆಲುಕ್ಕಿದ ಮನೆ ತಪ್ಸಿದ್ರೆ ನಂಗೆ ಒಳ್ಳೇದಾಗ್ತದಾ?"

ಅಂಬಿಕಳ ಗಂಡ ಏಳೂವರೆ ಸಾವಿರಕ್ಕೆ ಒಪ್ಪಿದ್ದನ್ನು ಅವನು ಹೇಳಲಿಲ್ಲ, ಧರ್ಮವನ್ನಷ್ಟೇ ಹೇಳಿದ. ಅಲ್ಲಿ ಉಕ್ಕಿದ್ದೂ ಹಾಲೇ, ಇಲ್ಲಿ ಉಕ್ಕಿದ್ದೂ ಹಾಲೇ. ದುಡ್ಡು ಯಾವ ಕಡೆ ಇತ್ತೋ ಹಾಲೂ ಆ ಕಡೆಗೇ ಉಕ್ಕಿತ್ತು. ಪೂರ್ವ, ಪಶ್ಚಿಮ ಎಂದು ನೋಡಿದ್ದು ಇವಳ ದಡ್ಡತನ.

ಕೊನೆಗೆ ಸಿಕ್ಕಿದ್ದು ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಸಾಲಿನಲ್ಲಿ ಒಂದೂವರೆ ಕೋಣೆ. ಶೀಟಿನ ಮಾಡು, ಟ್ಯಾಂಕರ್ ನೀರು. ಭೂಮಿಯೊಳಗಿನ ಚಿನ್ನ ತೆಗೆದವರು ಬದುಕಿದ ಆ ಗೂಡಿಗೆ ಈಗ ನಾಲ್ಕೂವರೆ ಸಾವಿರ. ಬರುವುದಾದರೆ ನಾಳೆಯೇ ಬಾ, ಶ್ರಾವಣದವರೆಗೆ ಕಾಯಲ್ಲ ಎಂದು ಗಣಿಯಲ್ಲಿ ದುಡಿದು ಸತ್ತವನ ಹೆಂಡತಿ ಮಂಗಮ್ಮ ಕಡ್ಡಿ ಮುರಿದ ಹಾಗೆ ಹೇಳಿದಳು. ಶಶಿರೇಖ ಈ ಸಲ ಪಂಚಾಂಗ ನೋಡಲಿಲ್ಲ. ತಿಂಗಳ ಬಾಡಿಗೆಯನ್ನೂ ಅಡ್ವಾನ್ಸನ್ನೂ ನಿಂತ ಕಾಲಲ್ಲೇ ಕೈಗಿಟ್ಟು, ಮಾರನೆಯ ದಿನ ಮಂಗಳವಾರ, ರಾಹುಕಾಲದಲ್ಲಿ ಸಾಮಾನಿನ ಆಟೋ ಇಳಿಸಿಕೊಂಡಳು. ಗಿರಿ ಮೂಟೆಗಳನ್ನು ಒಂದೊಂದಾಗಿ ಹೊತ್ತು ಒಳಗಿಟ್ಟ.

ಹರಿಪ್ರಿಯಾ ಅಂಗಡಿಯಿಂದ ಅರ್ಧ ಲೀಟರ್ ಹಾಲು ತಂದು ಆ ಸ್ಟೀಲ್ ಪಾತ್ರೆಗೆ ಸುರಿದಳು. ಅರಿಸಿನ ಕುಂಕುಮದ ಭರಣಿ ಯಾವ ಮೂಟೆಯಲ್ಲಿದೆ, ಪೂರ್ವ ಯಾವ ಕಡೆ ಎಂದು ಕೇಳಿದಳು.

ಶಶಿರೇಖ ಮೂಟೆ ಬಿಚ್ಚುತ್ತಲೇ ಇದ್ದಳು.

"ಟೀ ಮಾಡು," ಎಂದಳು. "ಉಕ್ಕದಂಗೆ ನೋಡ್ಕೋ."